ಧಾರವಾಡದ ಕ್ಯಾಂಪಸ್ಸಿನಲ್ಲಿ ನಮ್ಮ ಸೀಮೆಯ ಚರಿತ್ರೆ: ಏನಿದೆ, ಹೇಗೆ ನೋಡಬೇಕು, ಊರಲ್ಲಿ ನಾವೇನು ಮಾಡಬಹುದು?

ದಾಂಡೇಲಿ: ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದಲ್ಲಿ ಬಿ.ಎ., ಬಿ.ಕಾಂ. ಓದಿದ ಯಾರ ಅಂಕಪಟ್ಟಿ ತೆಗೆದು ನೋಡಿದರೂ ಮೇಲೆ ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ ಅಂತ ಇರುತ್ತದೆ. ಅಂಕಪಟ್ಟಿ ತಿದ್ದುಪಡಿಗೆ, ಘಟಿಕೋತ್ಸವದ ಪ್ರಮಾಣಪತ್ರಕ್ಕೆ, ಮರುಮೌಲ್ಯಮಾಪನದ ಅರ್ಜಿಗೆ ಅಂತ ಅಲ್ಲಿಗೆ ಹೋಗಿಬಂದವರು ನಮ್ಮಲ್ಲಿ ಬಹಳ ಮಂದಿ. ಕೆಲಸ ಮುಗಿಸಿ ಸಂಜೆ ಬಸ್ಸು ಹಿಡಿದು ವಾಪಸ್ ಬರುವುದೇ ರೂಢಿ. ಅದೇ ಕ್ಯಾಂಪಸ್ಸಿನಲ್ಲಿ ನಮ್ಮ ಸೀಮೆಯ ಹಳೆಯ ಕಥೆ ಹೇಳುವ ಕಲ್ಲು, ತಾಮ್ರಪಟ, ತಾಳೆಗರಿ, ಪುಸ್ತಕಗಳೂ ಇವೆ. ಇನ್ನೊಂದು ತಾಸು ನಿಂತರೆ ನೋಡಿ ಬರಬಹುದು. ವಿದ್ಯಾರ್ಥಿಗಳಿಗೆ, ಶಿಕ್ಷಕರಿಗೆ, ಊರಿನ ಇತಿಹಾಸದ ಬಗ್ಗೆ ಆಸಕ್ತಿ ಇದ್ದವರಿಗೆ ಉಪಯೋಗವಾಗಲಿ ಅಂತ ಈ ಮಾಹಿತಿ.

ವಿಶ್ವವಿದ್ಯಾಲಯ ಬಂದ ಬಗೆ

ಸ್ವಾತಂತ್ರ್ಯದ ಹೊತ್ತಿಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಈ ನಾಲ್ಕೂ ಜಿಲ್ಲೆಗಳು ಮುಂಬೈ ಪ್ರಾಂತದಲ್ಲಿದ್ದವು. ಇಲ್ಲಿಯ ಹುಡುಗರು ಪದವಿ ಪಡೆಯಬೇಕೆಂದರೆ ಅದು ಮುಂಬೈ ವಿಶ್ವವಿದ್ಯಾಲಯದ ಪದವಿಯೇ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದಾಗಲೂ ಪರೀಕ್ಷೆ ಮುಂಬೈನದ್ದೇ. ಆ ಕಾಲೇಜಿಗೆ ಸಿಕ್ಕ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿತ್ತು ಎಂಬುದು ಈಗ ಬಹಳ ಜನರಿಗೆ ಗೊತ್ತಿಲ್ಲ. ಕಾಲೇಜು ಬರಲು ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರಂಥ ಹಿರಿಯರು ಓಡಾಡಿ ದುಡ್ಡು ಕೂಡಿಸಿದ್ದರು. ಅದೇ 1917ರಲ್ಲಿ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ'ವೂ ಹೊರಬಂತು. ನಮಗೂ ಒಂದು ಚರಿತ್ರೆ ಇದೆ, ಅದನ್ನು ನಾವೇ ಹುಡುಕಿ ಬರೆಯಬೇಕು ಎಂಬ ಗಾಳಿ ಆಗ ಬೀಸುತ್ತಿತ್ತು.

ಕರ್ನಾಟಕ ವಿಶ್ವವಿದ್ಯಾಲಯದ ಕಾಯ್ದೆ ಬಂದದ್ದು 1949ರಲ್ಲಿ. ಮೊದಲು ಕಚೇರಿ ನಡೆದದ್ದು ಮುಂಬೈಯಲ್ಲೇ. ಆಮೇಲೆ ಧಾರವಾಡಕ್ಕೆ ಬಂತು. ಮೊದಲ ಕುಲಪತಿ ಆರ್.ಎ. ಜಹಗೀರದಾರ, ನಂತರ ಸಿ.ಸಿ. ಹುಲಕೋಟಿ. 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರ ಕಾಲದಲ್ಲಿ ಊರ ಹೊರಗಿನ ಗುಡ್ಡದ ಮೇಲೆ ಇವತ್ತಿನ ಕ್ಯಾಂಪಸ್ ಎದ್ದಿತು. ಗಣಿತದ ವಿದ್ವಾಂಸರಾಗಿದ್ದ ಪಾವಟೆ ಮುಂದೆ ಪಂಜಾಬಿನ ರಾಜ್ಯಪಾಲರಾದರು. ಕ್ಯಾಂಪಸ್ಸಿಗೆ ಪಾವಟೆ ನಗರ ಅಂತ ಹೆಸರು ಬಿದ್ದದ್ದು ಅವರಿಂದಲೇ. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹೀಗೆ ಒಂದೊಂದೇ ಭಾಗ ಬೇರೆಯಾದವು. ಉತ್ತರ ಕನ್ನಡ ಮಾತ್ರ ಮೊದಲಿನಿಂದ ಇವತ್ತಿನವರೆಗೂ ಧಾರವಾಡದ ಜೊತೆಗೇ ಇದೆ.

ಬಸವನಾಳ ಗ್ರಂಥಾಲಯ

ವಿಶ್ವವಿದ್ಯಾಲಯದ ಕೇಂದ್ರ ಗ್ರಂಥಾಲಯದ ಹೆಸರು ಪ್ರೊ. ಶಿ.ಶಿ. ಬಸವನಾಳ ಗ್ರಂಥಾಲಯ. ಬಸವನಾಳರು ವಚನ ಸಾಹಿತ್ಯವನ್ನು ಶೋಧಿಸಿ ಸಂಪಾದಿಸಿದವರಲ್ಲಿ ಮುಂಚೂಣಿಯವರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಕಟ್ಟಿದ ಏಳು ಜನ ಶಿಕ್ಷಕರಲ್ಲಿ ಒಬ್ಬರು. ನಮ್ಮ ಜೋಯಿಡಾದ ಉಳವಿಗೆ ವರ್ಷವೂ ಚಕ್ಕಡಿ ಕಟ್ಟಿಕೊಂಡು ಬರುವ ಭಕ್ತರಿಗೆ ಚನ್ನಬಸವಣ್ಣ ಗೊತ್ತು. ಆ ಶರಣರ ವಚನಗಳು ಮಠ, ಮನೆಗಳ ತಾಳೆಗರಿ ಕಟ್ಟಿನಿಂದ ಅಚ್ಚಿನ ಪುಸ್ತಕಕ್ಕೆ ಬಂದದ್ದು ಬಸವನಾಳರಂಥ ವಿದ್ವಾಂಸರ ಕೆಲಸದಿಂದ. ಅವರ ಹೆಸರಿನ ಗ್ರಂಥಾಲಯಕ್ಕೆ ಹೋದ ನಮ್ಮ ಹುಡುಗರಿಗೆ ಇಷ್ಟಾದರೂ ತಿಳಿದಿರಬೇಕು.

ನಮ್ಮ ತಾಲೂಕಿನ ಬಗ್ಗೆ ಓದಬೇಕೆನ್ನುವವರು ಇಂಥ ಗ್ರಂಥಾಲಯದಲ್ಲಿ ಏನು ಕೇಳಬೇಕು? ಮುಖ್ಯವಾಗಿ ನಾಲ್ಕು.

ಒಂದು, 1883ರ ಮುಂಬೈ ಗೆಜೆಟಿಯರಿನ 15ನೇ ಸಂಪುಟ. ಇದು ಪೂರ್ತಿ ನಮ್ಮ ಜಿಲ್ಲೆಯದ್ದು, ಎರಡು ಭಾಗಗಳಲ್ಲಿದೆ. ಕಾಡು, ಬೆಳೆ, ಜಾತಿ-ಪಂಗಡ, ವ್ಯಾಪಾರ, ಊರುಗಳ ವಿವರ ಎಲ್ಲ ಇದೆ. ಬರೆದವರು ಆಳುವವರು ಎಂಬುದನ್ನು ಮರೆಯದೆ ಓದಬೇಕು. ಬುಡಕಟ್ಟು ಜನರ ಬಗ್ಗೆ ಅಲ್ಲಿರುವ ಕೆಲವು ಮಾತು ಇವತ್ತು ಒಪ್ಪುವಂಥದ್ದಲ್ಲ.

ಎರಡು, 1985ರಲ್ಲಿ ರಾಜ್ಯ ಸರ್ಕಾರ ಹೊರತಂದ ಉತ್ತರ ಕನ್ನಡ ಗೆಜೆಟಿಯರ್. ಕಾರ್ಖಾನೆ, ಕಾಳಿ ಯೋಜನೆ, ಟಿಬೆಟಿಯನ್ ಕಾಲನಿ ಇವೆಲ್ಲ ಬಂದ ಮೇಲಿನ ಜಿಲ್ಲೆ ಇದರಲ್ಲಿ ಸಿಗುತ್ತದೆ.

ಮೂರು, ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನ. ಟಿಪ್ಪು ಸತ್ತ ಮೇಲೆ ಕಂಪನಿ ಸರ್ಕಾರದ ಅಪ್ಪಣೆಯಂತೆ 1800-01ರಲ್ಲಿ ತಿರುಗಾಡಿದ ಈತ ಹಳಿಯಾಳಕ್ಕೂ ಬಂದಿದ್ದ. ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ನಾಲ್ಕು, ಪಿಎಚ್‌.ಡಿ. ಪ್ರಬಂಧಗಳು. ಸಿದ್ದಿ, ಕುಣಬಿ, ಗೌಳಿ ಜನರ ಮೇಲೆ, ಕಾಳಿ ಕೊಳ್ಳದ ಮೇಲೆ ಕೆಲಸ ಮಾಡಿದ ಸಂಶೋಧಕರಿದ್ದಾರೆ. ಧಾರವಾಡಕ್ಕೆ ಹೋಗಲು ಆಗದವರು ಶೋಧಗಂಗಾ ಎಂಬ ಸರ್ಕಾರಿ ಜಾಲತಾಣದಲ್ಲೂ ಪ್ರಬಂಧಗಳನ್ನು ಪುಕ್ಕಟೆ ಓದಬಹುದು.

ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯ

ಕ್ಯಾಂಪಸ್ಸಿನಲ್ಲಿ ನೋಡಲೇಬೇಕಾದ್ದು ಇದು. ಕನ್ನಡ ಸಂಶೋಧನ ಸಂಸ್ಥೆ ವಿಶ್ವವಿದ್ಯಾಲಯಕ್ಕಿಂತ ಹಳೆಯದು. 1939ರಲ್ಲಿ ಮುಂಬೈ ಸರ್ಕಾರ ಧಾರವಾಡದಲ್ಲಿ ಇದನ್ನು ತೆರೆಯಿತು, ಆರ್.ಎಸ್. ಪಂಚಮುಖಿಯವರು ನಿರ್ದೇಶಕರಾಗಿದ್ದರು. ಮುಂಬೈ ಕರ್ನಾಟಕದ ಹಳ್ಳಿ ಹಳ್ಳಿ ತಿರುಗಿ ಶಾಸನಗಳ ಅಚ್ಚು ತೆಗೆಯುವುದು, ಹಸ್ತಪ್ರತಿ ಕೂಡಿಸುವುದು, ಶಿಲ್ಪಗಳನ್ನು ಉಳಿಸುವುದು ಸಂಸ್ಥೆಯ ಕೆಲಸವಾಗಿತ್ತು. 1941ರಿಂದ 'ಕರ್ನಾಟಕ ಇನ್‌ಸ್ಕ್ರಿಪ್ಷನ್ಸ್' ಹೆಸರಿನ ಶಾಸನ ಸಂಪುಟಗಳು ಬಂದವು. ಮುಂದೆ ಸಂಸ್ಥೆ ವಿಶ್ವವಿದ್ಯಾಲಯಕ್ಕೆ ಸೇರಿತು, ಪಿ.ಬಿ. ದೇಸಾಯಿಯವರಂಥ ಶಾಸನ ಪಂಡಿತರು ಇದನ್ನು ಬೆಳೆಸಿದರು.

ಇಲ್ಲಿಯ ಕಲ್ಲುಗಳನ್ನು ಸುಮ್ಮನೆ ನೋಡುತ್ತಾ ಹೋದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಓದುವ ಕ್ರಮ ಗೊತ್ತಿದ್ದರೆ ಮಾತಾಡುತ್ತವೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾದಾಟ: ದನ ಹೊಡೆದುಕೊಂಡು ಹೋಗುವವರನ್ನು ತಡೆದದ್ದೋ, ಊರ ರಕ್ಷಣೆಗೆ ನಿಂತದ್ದೋ. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಆತ ದೇವರ ಸನ್ನಿಧಿಯಲ್ಲಿ ಕೂತಿರುತ್ತಾನೆ. ಪಟ್ಟಿಗಳ ನಡುವೆ ಬರವಣಿಗೆ ಇದ್ದರೆ ರಾಜ, ವರ್ಷ, ಊರು, ವೀರನ ಹೆಸರು ಸಿಗಬಹುದು. ಮಾಸ್ತಿಗಲ್ಲಿನ ಗುರುತು ಬಳೆ ತೊಟ್ಟು ಮೊಣಕೈ ಮಡಚಿ ಮೇಲೆತ್ತಿದ ಕೈ. ದಾನಶಾಸನದ ಕಲ್ಲಿನ ನೆತ್ತಿಯ ಮೇಲೆ ಸೂರ್ಯ ಚಂದ್ರ ಇರುತ್ತಾರೆ. ಅವರು ಇರುವವರೆಗೆ ಈ ದಾನ ಇರಲಿ ಅಂತ ಅರ್ಥ.

ತಾಮ್ರಪಟ ಅಂದ್ರೆ ಆ ಕಾಲದ ಉತಾರ, ಖರೀದಿ ಪತ್ರ ಇದ್ದಂತೆ. ಹಲವು ತಗಡುಗಳನ್ನು ಒಂದು ಬಳೆಗೆ ಪೋಣಿಸಿ, ಬಳೆಯ ಮೇಲೆ ರಾಜಮುದ್ರೆ ಒತ್ತುತ್ತಿದ್ದರು. ತಗಡು ಸೇರಿಸಿ ಮೋಸ ಮಾಡಬಾರದು ಅಂತ ಈ ಏರ್ಪಾಡು. ನಮ್ಮ ಹಳಿಯಾಳದ ಪಕ್ಕದ ಖಾನಾಪುರ ತಾಲೂಕಿನ ಹಲಸಿಯಲ್ಲಿ ಹೀಗೆಯೇ ಕದಂಬ ರಾಜರ ತಾಮ್ರಪಟಗಳು ಸಿಕ್ಕಿದ್ದವು, ಜೆ.ಎಫ್. ಫ್ಲೀಟ್ ಎಂಬ ಅಧಿಕಾರಿ ಓದಿ ಪ್ರಕಟಿಸಿದ. ಮುಂಡಗೋಡದ ಆಚೆ ಬನವಾಸಿ ಹತ್ತಿರದ ಗುಡ್ನಾಪುರದ ಶಾಸನ ಕಂಬ ಕದಂಬ ರವಿವರ್ಮನ ಕಾಲದ್ದು, ಬಿ.ಆರ್. ಗೋಪಾಲರು ಅದನ್ನು ಓದಿ ಬೆಳಕಿಗೆ ತಂದರು. ಒಂದು ಕಡೆ ಹಲಸಿ, ಇನ್ನೊಂದು ಕಡೆ ಬನವಾಸಿ. ಕದಂಬರ ಈ ಎರಡು ಪಟ್ಟಣಗಳ ನಡುವಿನ ಸೀಮೆಯೇ ನಮ್ಮದು.

ಶಾಸನದ ಅಚ್ಚು ತೆಗೆಯುವ ವಿಧಾನ ಸರಳ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು ಅಕ್ಷರದ ತಗ್ಗಿಗೆ ಕಾಗದ ಕೂಡುವಂತೆ ಮಾಡುತ್ತಾರೆ. ಅರೆ ಒಣಗಿದ ಮೇಲೆ ಮಸಿ ಬಟ್ಟೆ ಒತ್ತುತ್ತಾರೆ. ಅಕ್ಷರ ಬೆಳ್ಳಗೆ, ಉಳಿದದ್ದು ಕಪ್ಪಗೆ ಏಳುತ್ತದೆ. ಆದರೆ ಕಲ್ಲಿಗೆ ಆಯಿಲ್ ಪೇಂಟ್ ಬಳಿದಿದ್ದರೆ, ಸಿಮೆಂಟಿನಲ್ಲಿ ಹೂತಿದ್ದರೆ ಈ ಅಚ್ಚು ಬರುವುದಿಲ್ಲ. ಗುಡಿ ಜೀರ್ಣೋದ್ಧಾರದ ಉತ್ಸಾಹದಲ್ಲಿ ಹಳ್ಳಿಗಳಲ್ಲಿ ಇದೇ ಆಗುತ್ತಿದೆ. ಎಂಟುನೂರು ವರ್ಷ ಮಳೆ ಬಿಸಿಲು ತಡೆದ ಅಕ್ಷರ ಒಂದು ಡಬ್ಬಿ ಬಣ್ಣಕ್ಕೆ ಹೋಗುತ್ತದೆ. ಜಾತ್ರಾ ಕಮಿಟಿಯವರು ಇದನ್ನು ದಯವಿಟ್ಟು ಗಮನಿಸಬೇಕು.

ನಮ್ಮ ದಾಖಲೆಗಳು ಯಾಕೆ ಚದುರಿವೆ?

"ನಮ್ಮೂರಿನ ಹಳೇ ದಾಖಲೆ ಎಲ್ಲಿ ಸಿಗ್ತದೆ?" ಅಂತ ಕೇಳಿದರೆ ಉತ್ತರ ಒಂದೇ ಊರಿನ ಹೆಸರಲ್ಲ. 1799ರ ನಂತರ ಕೆನರಾ ಜಿಲ್ಲೆ ಕಂಪನಿಯ ಕೈಗೆ ಬಂದು ಮದ್ರಾಸಿಗೆ ಸೇರಿತು. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಮುಂಬೈಗೆ ವರ್ಗಾಯಿಸಿದರು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದೆವು. ಹಾಗಾಗಿ 1862ಕ್ಕಿಂತ ಹಿಂದಿನ ಸರ್ಕಾರಿ ಪತ್ರ ಹುಡುಕುವವರು ಚೆನ್ನೈ, ಅದರ ನಂತರದ್ದಕ್ಕೆ ಮುಂಬೈ, 1956ರ ನಂತರದ್ದಕ್ಕೆ ಬೆಂಗಳೂರು ಮತ್ತು ಕಾರವಾರ ನೋಡಬೇಕು. ಒಂದೇ ಹಳ್ಳಿಯ ಕಥೆ ನಾಲ್ಕು ಊರಿನ ಕಪಾಟಿನಲ್ಲಿ ಕೂತಿದೆ. ನಮಗೆ ಹತ್ತಿರದ ಬಾಗಿಲು ಧಾರವಾಡ ಎನ್ನುವುದು ಇದೇ ಕಾರಣಕ್ಕೆ. ಅಚ್ಚಾದ ಸಂಪುಟಗಳಿಂದ ಶುರುಮಾಡಿ, ಯಾವ ಕಾಲದ ಯಾವ ಪತ್ರ ಬೇಕು ಅಂತ ಗೊತ್ತುಮಾಡಿಕೊಂಡು ಮುಂದೆ ಹೋದರೆ ಖರ್ಚೂ ಕಡಿಮೆ, ಅಲೆದಾಟವೂ ಕಡಿಮೆ.

ತಾಲೂಕುವಾರು: ಹುಡುಕಬೇಕಾದ್ದು ಏನು?

ಹಳಿಯಾಳ: ಗಡಿ ಠಾಣ್ಯವಾಗಿ ಇದರ ಹೆಸರು ಆರ್ಥರ್ ವೆಲ್ಲೆಸ್ಲಿಯ (ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು) ಪತ್ರಗಳಲ್ಲಿ ಬರುತ್ತದೆ. ಕೋಟೆ, ಕಟ್ಟಿಗೆ ವ್ಯಾಪಾರ, ಕನ್ನಡ-ಮರಾಠಿ-ಕೊಂಕಣಿ ಕಲಸಿದ ಪೇಟೆ ಮಾತು ಎಲ್ಲವೂ ಅಧ್ಯಯನದ ವಿಷಯ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾದಲ್ಲಿರುವ ಸಿದ್ದಿಗಳು ಆಫ್ರಿಕಾದಿಂದ ಬಂದವರ ವಂಶದವರು. ನಮ್ಮ ಜಿಲ್ಲೆಯ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಸಿದ್ದಿ ಹೆಣ್ಣುಮಕ್ಕಳು ಹಳೆ ಸೀರೆ, ಅಂಗಿ ತುಂಡು ಜೋಡಿಸಿ ಹೊಲಿಯುವ ಕೌದಿಗಳನ್ನು ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಅಧ್ಯಯನ ಮಾಡಿದರು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಷೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನವೂ ನಡೆಯಿತು. ಅಂದರೆ ನಮ್ಮ ಮನೆಯಲ್ಲಿ ಹೊದೆಯುವ ಕೌದಿ ಒಂದು ಗ್ರಂಥಾಲಯದ ಗೋಡೆಯ ಮೇಲೆ ಚರಿತ್ರೆಯಾಗಿ ನಿಂತಿತು. ಇದಕ್ಕೆ ಬೇಕಾದ್ದು ಬಟ್ಟೆ ಅಲ್ಲ, ಹೊಲಿದವರ ಹೆಸರು ಕೇಳಿ ಬರೆದುಕೊಳ್ಳುವ ತಾಳ್ಮೆ.

ದಾಂಡೇಲಿ: ಕಾಡಿನ ಕಟ್ಟಿಗೆ ಸಾಗಿಸಲು ಬಂದ ಅಳ್ನಾವರ-ದಾಂಡೇಲಿ ರೈಲು ಮಾರ್ಗ, ಪ್ಲೈವುಡ್ ಕಾರ್ಖಾನೆ, 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್, 1956ರಲ್ಲಿ ಘೋಷಣೆಯಾದ ಅಭಯಾರಣ್ಯ. ಒಂದೇ ಊರಿನಲ್ಲಿ ಮರ ಕಡಿಯುವ ಡಿಪೊವೂ ಕಾಡು ಉಳಿಸುವ ಕಾಯ್ದೆಯೂ ಅಕ್ಕಪಕ್ಕ ಬೆಳೆದವು. ಆ ಅಭಯಾರಣ್ಯವೂ ಅಣಶಿ ರಾಷ್ಟ್ರೀಯ ಉದ್ಯಾನವೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆಯಿತು. ಪ್ರಯಾಣಿಕರ ರೈಲು ಬಹುಕಾಲ ನಿಂತು, 2019ರ ನವೆಂಬರಿನಲ್ಲಿ ಅಂಬೇವಾಡಿಯಿಂದ ಮತ್ತೆ ಶುರುವಾಗಿ, ಕೊರೊನಾ ಕಾಲದಲ್ಲಿ ನಿಂತದ್ದು ಓದುಗರಿಗೆ ನೆನಪಿದೆ. ಹಳೆ ರೈಲು ಟಿಕೆಟ್ಟು, ಮಿಲ್ಲಿನ ಹಾಜರಿ ಕಾರ್ಡು, ಕಾರ್ಮಿಕ ಸಂಘದ ಕರಪತ್ರ ಇವೆಲ್ಲ ಈಗ ಗುಜರಿ ಅನಿಸಬಹುದು. ಮುಂದಿನವರಿಗೆ ಇವೇ ದಾಖಲೆ.

ಜೋಯಿಡಾ: ಇವತ್ತಿನ ಮಕ್ಕಳಿಗೆ ಸೂಪಾ ಅಂದರೆ ಅಣೆಕಟ್ಟೆ. ಹಿರಿಯರಿಗೆ ಸೂಪಾ ಅಂದರೆ ಊರು, ಪೇಟೆ, ತಾಲೂಕು. ಕಾಳಿ ಮತ್ತು ಪಾಂಡರಿ ಸೇರುವಲ್ಲಿ 101 ಮೀಟರ್ ಎತ್ತರದ ಕಟ್ಟೆ ಎದ್ದಾಗ ಆ ಊರು ನೀರಿನಡಿ ಹೋಯಿತು. ಎದ್ದುಬಂದವರಲ್ಲಿ ಅನೇಕರು ರಾಮನಗರದಲ್ಲಿ ನೆಲೆಸಿದರು. ತಾಲೂಕು ಕೇಂದ್ರ ಜೋಯಿಡಾ ಆಯಿತು. ರಾಜ್ಯಕ್ಕೆ ಕರೆಂಟು ಕೊಟ್ಟ ಯೋಜನೆ ಅದು. ಅದರ ಎಂಜಿನಿಯರಿಂಗ್ ವಿವರ ಎಲ್ಲ ಅಚ್ಚಾಗಿದೆ. ಆದರೆ ಸೂಪಾದ ಸಂತೆ ಯಾವ ದಿನ ಕೂಡುತ್ತಿತ್ತು, ಶಾಲೆ ಎಲ್ಲಿತ್ತು, ಯಾವ ಗುಡಿಯ ದೇವರನ್ನು ಹೇಗೆ ಹೊತ್ತು ತಂದರು ಎಂಬುದು ಎದ್ದುಬಂದವರ ನೆನಪಿನಲ್ಲಿದೆ. ಆಗ ಇಪ್ಪತ್ತರ ಹರೆಯದವರಿಗೆ ಈಗ ಅರವತ್ತು ದಾಟಿದೆ. ಕುಣಬಿಗಳ ಗೆಡ್ಡೆ-ಗೆಣಸಿನ ಜ್ಞಾನವೂ ಹೀಗೆಯೇ. ಜೋಯಿಡಾದ ಗೆಡ್ಡೆ-ಗೆಣಸು ಮೇಳ ಒಂದರ್ಥದಲ್ಲಿ ಒಂದು ದಿನದ ವಸ್ತುಸಂಗ್ರಹಾಲಯ.

ಮುಂಡಗೋಡ: ಇಲ್ಲಿ ನಮ್ಮ ತಾಲೂಕುಗಳೊಳಗೇ ಇನ್ನೊಂದು ಥರದ ವಿಶ್ವವಿದ್ಯಾಲಯ ಇದೆ. ಅದಕ್ಕೆ ಪ್ರತ್ಯೇಕವಾಗಿ ಹೇಳಬೇಕು.

ಲಾಮಾ ಕ್ಯಾಂಪಿನ ಗ್ರಂಥಾಲಯಗಳು

1959ರಲ್ಲಿ ಟಿಬೆಟ್ ಬಿಟ್ಟು ಬಂದವರಿಗೆ ಮೈಸೂರು ಸರ್ಕಾರ ಕೊಟ್ಟ ಜಾಗದಲ್ಲಿ 1966ರಲ್ಲಿ ಮುಂಡಗೋಡದ ಕಾಲನಿ ಶುರುವಾಯಿತು. ಲ್ಹಾಸಾ ಹತ್ತಿರ 1409ರಲ್ಲಿ ಹುಟ್ಟಿದ ಗಾಂದೆನ್, 1416ರಲ್ಲಿ ಹುಟ್ಟಿದ ಡ್ರೆಪುಂಗ್ ಮಠಗಳು ಬಂಗಾಳದ ಬಕ್ಸಾದಲ್ಲಿ ಹತ್ತು ವರ್ಷ ಕಳೆದು ಇಲ್ಲಿ ಮತ್ತೆ ಕಟ್ಟಿಕೊಂಡವು. ಇವು ಬರೀ ಮಠಗಳಲ್ಲ. ತರ್ಕ, ತತ್ತ್ವಶಾಸ್ತ್ರಗಳನ್ನು ವರ್ಷಗಟ್ಟಲೆ ಕಲಿಸಿ, ಎದುರುಬದುರು ವಾದ ಮಾಡಿಸಿ ಗೆಶೆ ಪದವಿ ಕೊಡುವ ವಿದ್ಯಾಪೀಠಗಳು.

ಅಲ್ಲಿಯ ಗ್ರಂಥಾಲಯದ ಪುಸ್ತಕ ನಮ್ಮ ಪುಸ್ತಕದ ಹಾಗೆ ಹೊಲಿದದ್ದಲ್ಲ. ಉದ್ದನೆಯ ಬಿಡಿ ಹಾಳೆಗಳು, ಮೇಲೆ ಕೆಳಗೆ ಹಲಗೆ, ಸುತ್ತ ಬಟ್ಟೆ. ಇದಕ್ಕೆ ಪೆಚಾ ಅನ್ನುತ್ತಾರೆ. ಧಾರವಾಡದಲ್ಲಿ ತಾಳೆಗರಿ ಕಟ್ಟು ನೋಡಿ ಬಂದವರಿಗೆ ಗುರುತು ಸಿಗುತ್ತದೆ: ಆಕಾರ ಅದೇ. ತಾಳೆಮರ ಇಲ್ಲದ ಟಿಬೆಟ್‌ಗೆ ಭಾರತದ ತಾಳೆಗರಿಯ ಆಕಾರ ಹೋಗಿ, ಕಾಗದದಲ್ಲಿ ಉಳಿಯಿತು. ಬುದ್ಧವಚನಗಳ ಕಾಂಗ್ಯೂರ್ ನೂರಕ್ಕೂ ಹೆಚ್ಚು ಸಂಪುಟ, ಭಾರತೀಯ ಆಚಾರ್ಯರ ವ್ಯಾಖ್ಯಾನಗಳ ತೆಂಗ್ಯೂರ್ ಇನ್ನೂರಕ್ಕೂ ಹೆಚ್ಚು. ಸಂಸ್ಕೃತದ ಮೂಲ ಕಳೆದುಹೋದ ಎಷ್ಟೋ ಗ್ರಂಥಗಳು ಈ ಟಿಬೆಟಿಯನ್ ಅನುವಾದದಲ್ಲಿ ಮಾತ್ರ ಉಳಿದಿವೆ. ಓಡಿಬಂದವರು ಅನ್ನಕ್ಕಿಂತ ಮೊದಲು ಪುಸ್ತಕ ಹೊತ್ತರೇ ಅಂತ ಯಾರೂ ಲೆಕ್ಕ ಇಟ್ಟಿಲ್ಲ. ಆದರೆ ಪುಸ್ತಕ ಹೊತ್ತು ತಂದದ್ದರಿಂದಲೇ ಅವರ ವಿದ್ಯೆ ಉಳಿಯಿತು. ಮುಂಡಗೋಡದ ಶಾಲಾ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದಿಲ್ಲ.

ಮುಂಡಗೋಡದವರಿಗೆ ಹತ್ತಿರದಲ್ಲೇ ಇನ್ನೊಂದು ಜಾಗವೂ ಇದೆ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ.

ನಮ್ಮ ಕಾಲೇಜಿನಲ್ಲೇ ಒಂದು ಕಪಾಟು

ಇಷ್ಟೆಲ್ಲ ಓದಿ "ಅದಕ್ಕೆ ದೊಡ್ಡ ಅನುದಾನ ಬೇಕಲ್ರಿ" ಅನ್ನುವವರಿದ್ದಾರೆ. ಶುರುಮಾಡಲು ಒಂದು ಗಾಜಿನ ಕಪಾಟು, ಒಂದು ರಿಜಿಸ್ಟರ್, ಆಸಕ್ತಿ ಇರುವ ಒಬ್ಬ ಗ್ರಂಥಪಾಲಕರು ಸಾಕು. ಮಾಡುವವರು ಈ ಕೆಲವು ವಿಷಯ ನೋಡಿಕೊಳ್ಳಬೇಕು.

- ಮೂಲ ಪ್ರತಿ ಮನೆಯವರ ಹತ್ತಿರವೇ ಇರಲಿ. ಫೋಟೊ, ಪತ್ರ, ಪಾವತಿಗಳನ್ನು ಸ್ಕ್ಯಾನ್ ಮಾಡಿ, ಪ್ರದರ್ಶನಕ್ಕೆ ಪ್ರತಿ ಇಡಿ. ಮೂಲ ಕೊಟ್ಟರೆ ಸಹಿ ಹಾಕಿದ ರಸೀದಿ ಕೊಡಿ.
- ಪ್ರತಿ ವಸ್ತುವಿನ ಜೊತೆ ನಾಲ್ಕು ಸಾಲು ಬರೆಯಿರಿ: ಏನು, ಯಾರದ್ದು, ಯಾವ ಊರು, ಯಾವ ವರ್ಷ. ಹೆಸರಿಲ್ಲದ ಫೋಟೊ ಇಪ್ಪತ್ತು ವರ್ಷದ ಮೇಲೆ ಯಾರಿಗೂ ಗುರುತು ಸಿಗುವುದಿಲ್ಲ. ಫೋಟೊ ಹಿಂದೆ ಬಾಲ್‌ಪೆನ್ ಬೇಡ, ಮೆತ್ತಗೆ ಪೆನ್ಸಿಲ್.
- ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೋಟೇಪ್ ಹಚ್ಚಬೇಡಿ. ಪ್ಲಾಸ್ಟಿಕ್ಕು ಬಿಸಿಗೆ ಕಾಗದಕ್ಕೆ ಅಂಟಿದರೆ ಮತ್ತೆ ಬಿಡಿಸಲಾಗದು. ಟೇಪಿನ ಗೋಂದು ಹಳದಿ ಕಲೆ ಬಿಡುತ್ತದೆ.
- ಬಿಸಿಲು, ಟ್ಯೂಬ್‌ಲೈಟಿನ ನೇರ ಬೆಳಕು ಬೀಳಬಾರದು. ಕಾಗದ, ಬಟ್ಟೆಗೆ ಮಂದ ಬೆಳಕೇ ಒಳ್ಳೆಯದು. ಸಂಗ್ರಹಾಲಯಗಳಲ್ಲಿ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬಿಡುವುದಿಲ್ಲ. ಮೂರು ತಿಂಗಳಿಗೊಮ್ಮೆ ವಸ್ತು ಬದಲಿಸಿ.
- ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಶತ್ರು ತೇವ ಮತ್ತು ಗೆದ್ದಲು. ಕಪಾಟು ಗೋಡೆಗೆ ತಾಗಬಾರದು, ನೆಲಕ್ಕೂ ತಾಗಬಾರದು. ವಾರಕ್ಕೊಮ್ಮೆ ಬಾಗಿಲು ತೆಗೆದು ನೋಡಿ.
- ಹಿರಿಯರ ಮಾತು ರೆಕಾರ್ಡ್ ಮಾಡುವಾಗ ಮೊದಲು ಒಪ್ಪಿಗೆ ಕೇಳಿ. ಶುರುವಿನಲ್ಲೇ ಹೆಸರು, ಊರು, ತಾರೀಖು ಹೇಳಿಸಿ. ಅವರ ಭಾಷೆಯಲ್ಲೇ ಮಾತಾಡಲಿ. ಮರಾಠಿ, ಕೊಂಕಣಿ, ಕನ್ನಡ ಯಾವುದಾದರೂ ಸರಿ.

ಒಂದು ಎಚ್ಚರಿಕೆ. ಹೊಲ ಉಳುವಾಗ, ಅಡಿಪಾಯ ತೆಗೆಯುವಾಗ ನಾಣ್ಯ, ತಾಮ್ರಪಟ ಸಿಕ್ಕರೆ ಕಾಲೇಜಿನ ಕಪಾಟಿಗೆ ನೇರ ತಂದಿಡುವ ಹಾಗಿಲ್ಲ. ನಿಧಿ ಕಾಯ್ದೆ ಪ್ರಕಾರ ಹೂತ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹಳೆ ವಿಗ್ರಹ, ಶಿಲ್ಪಗಳ ಮಾರಾಟಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಇದೆ. ತಹಶೀಲ್ದಾರ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ.

ಧಾರವಾಡಕ್ಕೆ ಹೋಗುವವರಿಗೆ

ಹಳಿಯಾಳದಿಂದ ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ತಾಸಿನ ದಾರಿ. ಹೊರಡುವ ಮುಂಚೆ ರಜೆ ದಿನ ಮತ್ತು ಸಮಯ ವಿಚಾರಿಸಿಕೊಳ್ಳಿ. ಘಟಿಕೋತ್ಸವ, ಪರೀಕ್ಷೆಯ ದಿನಗಳಲ್ಲಿ ಹೋಗದಿರುವುದು ಒಳ್ಳೆಯದು. ಗ್ರಂಥಾಲಯದಲ್ಲಿ ಓದಲು ಕಾಲೇಜಿನ ಗುರುತಿನ ಚೀಟಿ ಮತ್ತು ಪ್ರಾಚಾರ್ಯರ ಪತ್ರ ಜೊತೆಗಿರಲಿ. ಹಳೆ ಪುಸ್ತಕದ ಫೋಟೊ ತೆಗೆಯುವ ಮೊದಲು ಕೇಳಿ. "ನಮ್ಮ ತಾಲೂಕಿನ ಬಗ್ಗೆ ಏನಿದೆ?" ಅಂತ ಕೇಳಿದರೆ ಸಿಬ್ಬಂದಿಗೂ ಉತ್ತರ ಕಷ್ಟ. ಊರ ಹೆಸರು, ಕಾಲ, ವಿಷಯ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಳೆ ದಾಖಲೆಯಲ್ಲಿ ಜೋಯಿಡಾ ಸಿಗದಿದ್ದರೆ ಸೂಪಾ ಅಂತ ಹುಡುಕಿ. ದಾಂಡೇಲಿ 2018ರವರೆಗೆ ಪ್ರತ್ಯೇಕ ತಾಲೂಕಾಗಿರಲಿಲ್ಲ, ಹಳಿಯಾಳದಡಿ ನೋಡಿ. ಜಿಲ್ಲೆಯ ಹೆಸರು ಕೆನರಾ, ನಾರ್ಥ್ ಕೆನರಾ, ಕಾರವಾರ ಜಿಲ್ಲೆ ಹೀಗೆ ಬೇರೆ ಬೇರೆ ಥರ ಬರುತ್ತದೆ.

ನೀವು ಹೋಗದಿದ್ದರೂ ಕಲ್ಲು ಅಲ್ಲೇ ಇರುತ್ತದೆ. ಸೂಪಾ ಬಿಟ್ಟು ಬಂದ ಅಜ್ಜಿ, ಮಿಲ್ಲಿನ ಮೊದಲ ಪಾಳಿಯಲ್ಲಿ ದುಡಿದ ಅಜ್ಜ ಅಷ್ಟು ದಿನ ಕಾಯುವುದಿಲ್ಲ. ಮನೆಯ ಟ್ರಂಕಿನಲ್ಲಿ ಹಳೆ ಫೋಟೊ, ಪಾವತಿ, ಪತ್ರ ಇದ್ದವರು ಈ ಮಳೆಗಾಲಕ್ಕಿಂತ ಮೊದಲು ಒಮ್ಮೆ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಯಾರದ್ದು ಎಂದು ಕೇಳಿ ಬರೆದಿಡಿ.